ಕುರ್ಲಾದಲ್ಲಿ ಏಳುವವರು

ಕೇಳಬೇಕಾಗಿದ್ದದ್ದು ಒಂದು ಸೀಟು. ಮಗನಿಗೆ ಕಾಲೇಜಿನಲ್ಲಿ ಸೀಟಲ್ಲ, ಊರಿನ ರೈಲಿನಲ್ಲಿ ಮಲಗುವ ಸೀಟಲ್ಲ. ಬೆಳಗಿನ ಲೋಕಲ್ ರೈಲಿನ ಮರದ ಬೆಂಚಿನ ಮೇಲೆ, ಕುರ್ಲಾದಿಂದ ಕೊನೆಯ ಸ್ಟೇಷನ್ನಾದ ವೀಟಿಯ ತನಕ, ಒಂದೂವರೆ ಗೇಣು ಜಾಗ. ಅದನ್ನು ಯಾವ ಭಾಷೆಯಲ್ಲಿ, ಯಾವ ದನಿಯಲ್ಲಿ, ಕತ್ತನ್ನು ಎಷ್ಟು ಬಾಗಿಸಿ ಕೇಳಬೇಕೆಂದು ಹಿರಿಯಣ್ಣ ಹಲ್ಲುಜ್ಜುವಾಗ ಶುರುಮಾಡಿದ ಯೋಚನೆ ಮುಲುಂಡ್ ಸ್ಟೇಷನ್ನಿನ ಸೇತುವೆ ಹತ್ತಿದರೂ ಮುಗಿದಿರಲಿಲ್ಲ. ಹಿಂದಿನ ಸಂಜೆ ಡಾಕ್ಟರು ಅವನನ್ನು ಬೋರಲು ಮಲಗಿಸಿ ಬೆನ್ನಿನ ತಳದಲ್ಲಿ ಹೆಬ್ಬೆರಳು ಊರಿದ್ದರು. ಅವನ ಬಾಯಿಂದ ಹೊರಟ ಸದ್ದು ಅವರಿಗೆ ಬಹಳ ತೃಪ್ತಿ ಕೊಟ್ಟಂತಿತ್ತು. ದಿನಾ ಬೆಳಗ್ಗೆ ಇಷ್ಟು ದೂರ ನಿಂತು ಹೋಗುವುದನ್ನು ಬಿಡಬೇಕು, ಅರ್ಧ ದಾರಿ ನಿಂತರೆ ಚಿಂತೆಯಿಲ್ಲ, ಇನ್ನರ್ಧವಾದರೂ ಕೂತು ಹೋಗಬೇಕು, ಇಲ್ಲವಾದರೆ ಮುಂದಿನ ಮಳೆಗಾಲವನ್ನು ಹಾಸಿಗೆಯಲ್ಲೇ ಕಳೆಯಬೇಕಾದೀತು ಎಂದಿದ್ದರು. ಬೇರೆ ದಾರಿಯೇ ಇರಲಿಲ್ಲವೆಂದಲ್ಲ. ಅವನ ಆಫೀಸಿಗೆ ವಿಕ್ರೋಳಿಯಲ್ಲಿ ಒಂದು ಸಣ್ಣ ಶಾಖೆಯಿತ್ತು, ಅಲ್ಲಿಗೆ ವರ್ಗ ಮಾಡಿಕೊಡಿ ಎನ್ನಬಹುದಿತ್ತು. ಆದರೆ ಅದನ್ನು ವಿನೋದಿನಿ ಮೇಡಂ ಹತ್ತಿರ ಕೇಳಬೇಕು. ಅಂತೂ ಯಾವ ದಾರಿ ಹಿಡಿದರೂ ಯಾರನ್ನಾದರೂ ಏನಾದರೂ ಕೇಳಲೇಬೇಕು. ಹಿರಿಯಣ್ಣನಾದರೋ ಇಷ್ಟು ವರ್ಷ ಬದುಕಿದ್ದೇ ಯಾರನ್ನೂ ಏನೂ ಕೇಳದೆ.

"ಕೇಳಿದ್ರೆ ಬಾಯೇನು ಸವೆದು ಹೋಗತ್ತಾ ನಿಮ್ಗೆ?" ಎಂದು ಹೆಂಡತಿ ಸರಸ್ವತಿ ಬೆಳಗ್ಗೆ ಸೊಂಟಕ್ಕೆ ಬೆಲ್ಟು ಬಿಗಿಯುತ್ತ ಅಂದಿದ್ದಳು. "ಸೊಂಟ ನೋವು, ಸ್ವಲ್ಪ ಜಾಗ ಕೊಡಿ ಅಂದ್ರೆ ಆಯ್ತು. ಹಿಂದೀಲಿ ಹೇಳಿ, ಇಂಗ್ಲಿಷಲ್ಲಿ ಹೇಳಿ, ಇಲ್ದಿದ್ರೆ ಸೊಂಟ ಹಿಡ್ಕೊಂಡು ನಿಂತ್ಕೊಳಿ, ಅವರೇ ಅರ್ಥ ಮಾಡ್ಕೋತಾರೆ." ಅವಳಿಗೇನು ಹೇಳುವುದಕ್ಕೆ. ಮೈಸೂರಿನಿಂದ ಬಂದ ಮೊದಲ ವಾರವೇ ಮೇಲಿನ ಮನೆಯಲ್ಲಿ ಕರಿಬೇವು ಕೇಳಲು ಹೋಗಿ ಕರಿಬೇವಿನ ಜೊತೆಗೆ ಒಬ್ಬಳು ಮರಾಠಿ ತಂಗಿಯನ್ನೂ ಪಡೆದುಕೊಂಡು ಬಂದವಳು. ಲೇಡೀಸ್ ಡಬ್ಬಿಯಲ್ಲಿ ಮೂವರು ಕೂತ ಬೆಂಚಿನ ಮುಂದೆ ನಿಂತು "ಬೆಹೆನ್, ಥೋಡಾ" ಎಂದು ಅವಳು ಒಮ್ಮೆ ನಕ್ಕರೆ ಸಾಕು, ದಾದರ್ ಬರುವಷ್ಟರಲ್ಲಿ ಅರ್ಧ ಬೆಂಚು ಅವಳದು, ಅವರ ಮನೆಯ ಸೊಸೆಯಂದಿರ ಕಥೆಯೂ ಅವಳದು. ಅವಳು ಹೀಗೆ ಕೈಚಾಚಿದ್ದನ್ನು ಕೇಳಿದಾಗೆಲ್ಲ ಹಿರಿಯಣ್ಣನಿಗೆ ನಾಚಿಕೆಯಾಗುತ್ತಿತ್ತು. ಯಾರೂ ಅವಳಿಗೆ ಇಲ್ಲವೆನ್ನುವುದಿಲ್ಲವಲ್ಲ ಎಂದು ಒಳಗೊಳಗೇ ಹೊಟ್ಟೆಕಿಚ್ಚೂ ಆಗುತ್ತಿತ್ತು, ಆದರೆ ಅದನ್ನು ಅವನು ನಾಚಿಕೆಯ ಲೆಕ್ಕಕ್ಕೇ ಸೇರಿಸಿಬಿಡುತ್ತಿದ್ದ.

ವಿನೋದಿನಿ ಮೇಡಂ ಹತ್ತಿರ ಕೇಳುವುದಂತೂ ಆಗದ ಮಾತು. ಕುಂದಾಪುರದ ಕಡೆಯ ಹೆಣ್ಣುಮಗಳು, ಅವನಿಗಿಂತ ಎಷ್ಟೋ ಚಿಕ್ಕವರು, ಹೊಸದಾಗಿ ಅವನ ಮೇಲಧಿಕಾರಿಯಾಗಿ ಬಂದವರು. ಹೋದ ವಾರ ಒಳಗೆ ಕರೆದು ಕೂರಿಸಿ, "ಹಿರಿಯಣ್ಣನವರೇ, ನಿಮ್ಮ ಕೆಲಸದಲ್ಲಿ ಹೇಳ್ಲಿಕ್ಕೆ ಒಂದು ಕುಂದಿಲ್ಲ. ಪ್ರಾಬ್ಲೆಮ್ ಉಂಟಲ್ಲ, ಅದು ನಿಮ್ಮ ಆ್ಯಟಿಟ್ಯೂಡಿಂದು" ಎಂದಿದ್ದರು. ಉದಾಹರಣೆ ಕೊಡಿ ಎಂದು ಇವನು ಕೇಳಿದ್ದ. ಹಾಗೆ ಕೇಳಿದ ದನಿಯೇ ಉದಾಹರಣೆಯಾಗಿತ್ತೇನೋ, ಅವರು ಮೊದಲು ನಕ್ಕರು. "ಮೊನ್ನೆ ನಾನು ಎಲ್ಲರಿಗೂ ಚಾ ತರಿಸಿದೆ. ನೀವೊಬ್ಬರು ಮಾತ್ರ ನಿಮ್ಮ ಚಾಕ್ಕೆ ನೀವೇ ದುಡ್ಡು ಕೊಟ್ರಿ." ಅದರಲ್ಲಿ ತಪ್ಪೇನೆಂದು ಹಿರಿಯಣ್ಣನಿಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿರಲಿಲ್ಲ. ತಾನು ಕುಡಿದ ಚಹಾಕ್ಕೆ ತಾನು ದುಡ್ಡು ಕೊಡುವುದು ಮರ್ಯಾದೆಯೋ ಅಪರಾಧವೋ? ಅಂದಿನಿಂದ ಆ್ಯಟಿಟ್ಯೂಡ್ ಎಂಬ ಪದ ಅವನ ಜೊತೆಗೇ ಊಟ ಮಾಡುತ್ತಿತ್ತು, ಜೊತೆಗೇ ಮಲಗುತ್ತಿತ್ತು. ಮನೋಭಾವ, ಧೋರಣೆ ಎಂದೆಲ್ಲ ಕನ್ನಡ ಮಾಡಿ ನೋಡಿದ. ಯಾವುದೂ ಅಷ್ಟು ಚುಚ್ಚಲಿಲ್ಲ. ಮೈಸೂರಿನಲ್ಲಿ ಅವನ ಅಜ್ಜಿ ಇವನನ್ನು ನೋಡಿ "ಅಪ್ಪನ ವರಸೆಯೇ ಇದಕ್ಕೂ ಬಂದಿದೆ, ತೊಗೋ" ಅನ್ನುತ್ತಿದ್ದಳು, ಅದೇ ಸರಿಯಿರಬಹುದು. ಹಾಗಾದರೆ ಮೇಡಂ ಹೇಳಿದ್ದು ಮೂವತ್ತೈದು ವರ್ಷ ಹಳೆಯ ಸುದ್ದಿ ಎಂದು ಅವನಿಗೆ ಸ್ವಲ್ಪ ಸಮಾಧಾನವೂ ಆಯಿತು.

ಗಾಡಿ ಬಂತು. ಒಂದು ಸ್ಟೇಷನ್ನು ಹಿಂದಿನ ಠಾಣೆಯಲ್ಲಿ ಹೊರಡುವಾಗಲೇ ಬೆಂಚುಗಳು ತುಂಬಿರುತ್ತಿದ್ದವು, ಮುಲುಂಡಿನವರಿಗೆ ಉಳಿಯುತ್ತಿದ್ದದ್ದು ನಿಲ್ಲುವ ಭಾಗ್ಯ. ಹಿರಿಯಣ್ಣ ಎಂದಿನ ಡಬ್ಬಿ ಹತ್ತಿ, ಎಂದಿನ ಕಂಬಿಯನ್ನು ಹಿಡಿದು, ಎಂದಿನಂತೆ ಬೆಂಚುಗಳಿಗೆ ಬೆನ್ನು ಮಾಡಿ, ಇಂಗ್ಲಿಷ್ ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಣ್ಣ ಮುಂದೆ ಹಿಡಿದ. ಬೆನ್ನ ಹಿಂದೆ ಕನ್ನಡ ಶುರುವಾಯಿತು. ಬೆಂಚಿನ ತುದಿಯಲ್ಲಿ ಕೂತವನು ಕಾಶಪ್ಪ, ವಿಜಾಪುರದ ಕಡೆಯವನು, ಬಂದರಿನ ಬಳಿ ಯಾವುದೋ ಆಫೀಸಿನಲ್ಲಿ ಹೆಡ್ ಕ್ಲಾರ್ಕು, ಠಾಣೆಯಿಂದ ಬರುವವನು. ಅವನ ಭುಜಕ್ಕೆ ಸೊಂಟ ಆನಿಸಿ ನಿಂತವನು ಅಣ್ಣು, ಉಡುಪಿಯವನು, ಫೋರ್ಟಿನಲ್ಲಿ ಒಂದು ಆಫೀಸಿನ ಕ್ಯಾಂಟೀನು ನಡೆಸುವವನು, ಇವನ ಜೊತೆಗೇ ಮುಲುಂಡಿನಲ್ಲಿ ಹತ್ತುವವನು. ಇಬ್ಬರೂ ಅವನಿಗೆ ಆರು ವರ್ಷದಿಂದ ಗೊತ್ತು. ಅವರಿಗೆ ಅವನು ಗೊತ್ತಿಲ್ಲ. ಮೊದಲ ವಾರ ಅಣ್ಣು ಹಿಂದಿಯಲ್ಲಿ "ಊರು ಯಾವುದು" ಎಂದು ಕೇಳಿದಾಗ ಹಿರಿಯಣ್ಣ ಪೇಪರಿನಿಂದ ಮುಖ ಎತ್ತದೆ "ಸೌತ್" ಎಂದಿದ್ದ. ಅವರು ಅವನನ್ನು ತಮಿಳನೆಂದು ತೀರ್ಮಾನಿಸಿಕೊಂಡು, ಅವನ ಕಿವಿಯ ಪಕ್ಕದಲ್ಲೇ ನಿರಾತಂಕವಾಗಿ ಮಾತಾಡತೊಡಗಿದ್ದರು. ನನಗೂ ಕನ್ನಡ ಬರುತ್ತದೆ ಎಂದು ಹೇಳುವುದಕ್ಕೆ ಆ ವಾರ ಒಂದು ನಿಮಿಷ ಸಾಕಿತ್ತು. ಒಂದು ವರ್ಷದ ಮೇಲೆ ಹೇಳುವುದೆಂದರೆ ಇಷ್ಟು ದಿನ ಕದ್ದು ಕೇಳುತ್ತಿದ್ದೆ ಎಂದು ಹೇಳಿದ ಹಾಗೆ. ಆರನೆಯ ವರ್ಷದಲ್ಲಿ ಹೇಳುವ ಮಾತೇ ಇರಲಿಲ್ಲ.

ಕದ್ದು ಕೇಳಿದ್ದರಲ್ಲಿ ಅವನಿಗೆ ಸಂತೋಷವೂ ಇತ್ತು. ಅಣ್ಣುವಿನ ಹೆಂಡತಿ ವಾರಿಜಾ ಮೀನು ಬಿಟ್ಟು ಒಂದು ತಿಂಗಳಲ್ಲಿ ಮತ್ತೆ ಹಿಡಿದದ್ದು, ಕ್ಯಾಂಟೀನಿನಲ್ಲಿ ಸಾಂಬಾರಿಗೆ ಸಕ್ಕರೆ ಬಿದ್ದು ಗುಜರಾತಿಗಳೆಲ್ಲ ಹೊಗಳಿದ್ದು, ಕಾಶಪ್ಪನ ಮಗಳನ್ನು ನೋಡಲು ಬಂದ ಹುಬ್ಬಳ್ಳಿಯ ಹುಡುಗ ಉಪ್ಪಿಟ್ಟು ತಿಂದು ಒಂದು ಮಾತೂ ಆಡದೆ ಹೋದದ್ದು, ಎಲ್ಲವೂ ಅವನ ಮೂಲಕ ಮುಲುಂಡಿನ ಅವನ ಅಡುಗೆಮನೆಗೆ ಬರುತ್ತಿತ್ತು. ಸರಸ್ವತಿ ಸಂಜೆ ಕಾಫಿ ಕೊಡುತ್ತ ಮೊದಲು ಕೇಳುತ್ತಿದ್ದದ್ದೇ "ಹುಬ್ಬಳ್ಳಿಯವರು ಏನಾದ್ರೂ ಹೇಳಿ ಕಳಿಸಿದ್ರಂತಾ?" ಎಂದು. ಮದುವೆ ಗೊತ್ತಾದರೆ ಒಂದು ಬೆಳ್ಳಿ ಕುಂಕುಮದ ಬಟ್ಟಲು ಕೊಡೋಣ ಎಂದೂ ಒಮ್ಮೆ ಅಂದಿದ್ದಳು; ಯಾರು ಕೊಟ್ಟರೆಂದು ಹೇಳುವುದು ಎಂಬಲ್ಲಿಗೆ ಆ ಮಾತು ನಿಂತಿತ್ತು. ತನ್ನ ವಿಷಯಕ್ಕೆ ಅವರು ಆಡಿದ್ದನ್ನು ಮಾತ್ರ ಹಿರಿಯಣ್ಣ ಮನೆಗೆ ತರುತ್ತಿರಲಿಲ್ಲ. ಅವರು ಅವನಿಗಿಟ್ಟ ಹೆಸರು ಕಂಬ. ಇರಲಿ, ನೆಟ್ಟಗೆ ನಿಲ್ಲುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಒಮ್ಮೊಮ್ಮೆ ಅಣ್ಣು "ಬೆಳಗ್ಗೆ ಕಂಬ, ಸಂಜೆ ಗೂಟ" ಎನ್ನುತ್ತಿದ್ದ, ಕಾಶಪ್ಪ ಹೊಟ್ಟೆ ಕುಲುಕಿಸಿ ನಗುತ್ತಿದ್ದ. ಸಂಜೆ ಆಫೀಸು ಬಿಟ್ಟ ಕೂಡಲೇ ವೀಟಿಗೆ ಹೋಗಿ, ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಾರಿ, ಕಿಟಕಿಯ ಪಕ್ಕ ಹಿಡಿದು ಕೂತು, ಕಣ್ಣು ಮುಚ್ಚಿದರೆ ಅವನು ಕಣ್ಣು ಬಿಡುತ್ತಿದ್ದದ್ದು ಮುಲುಂಡಿನಲ್ಲೇ. ಸ್ವಂತ ಕಾಲಿನ ಬಲದಲ್ಲಿ ಹಿಡಿದ ಸೀಟಿನಲ್ಲಿ ಗೂಟ ಹೊಡೆದುಕೊಂಡು ಕೂತರೆ ಇವರಿಗೇನು ನಷ್ಟ? ಹೊಟ್ಟೆಕಿಚ್ಚು ಎಂದು ಅವನು ಅದನ್ನು ಕ್ಷಮಿಸಿದ್ದ. ಅಲ್ಲದೆ ಒಂದು ಸಲ ಜ್ವರ ಬಂದು ನಾಲ್ಕಾರು ದಿನ ತಪ್ಪಿಸಿಕೊಂಡು ಮತ್ತೆ ಹತ್ತಿದಾಗ ಅಣ್ಣು ಹಿಂದಿನಿಂದ "ಕಂಬ ಬಂತು ಮಾರಾಯ್ರೆ, ನಾನು ಹೆದರಿದ್ದೆ" ಎಂದಿದ್ದ. ಆ ಮಾತನ್ನೂ ಅವನು ಮನೆಗೆ ತರಲಿಲ್ಲ, ತನ್ನ ಹತ್ತಿರವೇ ಇಟ್ಟುಕೊಂಡ.

"ಕಂಬ ಇವತ್ತು ಸ್ವಲ್ಪ ವಾಲಿದೆ ಅಲ್ವಾ?" ಎಂದ ಅಣ್ಣು ಈಗ, ಭಾಂಡುಪ್ ದಾಟುತ್ತಿದ್ದಂತೆ.

"ಹೌದ ನೋಡ್ರಿ. ಬುಡದಾಗ ಏನೋ ಸಡಿಲ ಆಗೇತಿ" ಎಂದ ಕಾಶಪ್ಪ.

ಹಿರಿಯಣ್ಣನ ಕಿವಿ ಬಿಸಿಯಾಯಿತು. ಆದರೂ ಈ ಇಬ್ಬರು ತನ್ನನ್ನು ಇಷ್ಟು ಗಮನವಿಟ್ಟು ನೋಡುತ್ತಾರಲ್ಲ, ಆಫೀಸಿನಲ್ಲಿ ಬೆಲ್ಟು ಕಟ್ಟಿಕೊಂಡು ಕುಣಿದರೂ ಯಾರಿಗೂ ಕಾಣುವುದಿಲ್ಲ ಎಂದೂ ಅನ್ನಿಸಿತು. ವಿಕ್ರೋಳಿಯ ಕಾರ್ಖಾನೆಗಳ ಉದ್ದನೆಯ ಗೋಡೆ, ಗೋಡೆಯಾಚೆಯ ಮರಗಳು ಸಾಲಾಗಿ ಹಿಂದೆ ಹೋದವು. ಈಗ ಕೇಳಬೇಕು, ಘಾಟ್ಕೋಪರ್ ಬರುವ ಮುಂಚೆ. ಭಾಯಿಸಾಬ್, ಮೇರಿ ಕಮರ್, ಎಂದು ವಾಕ್ಯವನ್ನು ನಾಲಿಗೆಯ ತುದಿಗೆ ತಂದ. ಹಿಂದಿಯ ಕಮರ್, ಅಂದರೆ ಸೊಂಟ, ಗಂಡೋ ಹೆಣ್ಣೋ ಎಂಬ ಸಂಶಯ ಬಂದು ವಾಕ್ಯ ಒಳಗೆ ಹೋಯಿತು. ಇದೇ ಜಾಗದಲ್ಲಿ ಮೊದಲ ವಾರ ನಡೆದದ್ದು ಅವನಿಗೆ ಮರೆತಿರಲಿಲ್ಲ. ಕುರ್ಲಾ ಬರುತ್ತಿದ್ದಂತೆ ಈ ಕಾಶಪ್ಪ ಎದ್ದು, ಇವನ ಭುಜವನ್ನು ಎರಡು ಬೆರಳಿನಿಂದ ತಟ್ಟಿ, "ಬೈಠೋ ಸಾಬ್" ಎಂದು ತನ್ನ ಸೀಟನ್ನು ತೋರಿಸಿದ್ದ. ಕುರ್ಲಾದಲ್ಲಿ ಬೇರೆಯವರೂ ಏಳುತ್ತಿದ್ದರು, ಆದರೆ ಅವರು ದಾದರಿನಲ್ಲಿ ಇಳಿಯುವವರು, ಬಾಗಿಲಿಗೆ ಮೊದಲೇ ದಾರಿ ಮಾಡಿಕೊಳ್ಳುವವರು ಎಂದು ಹಿರಿಯಣ್ಣ ತಿಳಿದಿದ್ದ. ಕಾಶಪ್ಪನೋ ವೀಟಿಯ ತನಕ ಹೋಗುವವನು. ಕೂತ ಸೀಟನ್ನು ಬಿಟ್ಟು, ಅಪರಿಚಿತನಿಗೆ ಕೊಟ್ಟು, ಉಳಿದ ದಾರಿ ಪೂರ್ತಿ ನಿಲ್ಲುತ್ತಾನೆಂದರೆ ಅದಕ್ಕೆ ಕಾರಣ ಒಂದೇ: ಆಗಲೇ ಪೂರ್ತಿ ಬೆಳ್ಳಗಾಗಿದ್ದ ಹಿರಿಯಣ್ಣನ ತಲೆ. ನಲವತ್ತು ದಾಟಿ ಇನ್ನೂ ನಾಲ್ಕು ವರ್ಷವಾಗಿರಲಿಲ್ಲ, ಮುದುಕನೆಂದು ಕನಿಕರಿಸಿದ್ದ! ಹಿರಿಯಣ್ಣ ಅವನನ್ನು ನೋಡಿದ್ದ, ಅಷ್ಟೆ. ಆ ನೋಟಕ್ಕೆ ಕಾಶಪ್ಪ ಕೈ ಹಿಂದೆ ತೆಗೆದುಕೊಂಡಿದ್ದ, ಸೀಟಿಗೆ ಅಣ್ಣು ಜಾರಿಕೊಂಡಿದ್ದ.

ಅಂಥ ನೋಟವನ್ನು ಹಿರಿಯಣ್ಣ ತಾನೇ ಕಂಡುಹಿಡಿದದ್ದಲ್ಲ. ನಂಜನಗೂಡಿನಿಂದ ಮೈಸೂರಿಗೆ ಬರುವ ಬಸ್ಸಿನಲ್ಲಿ ಅಪ್ಪನ ಕೋಟಿನ ತುದಿ ಹಿಡಿದು ನಿಂತಿದ್ದಾಗ, ಬುಟ್ಟಿ ತುಂಬ ಬದನೆಕಾಯಿ ಇಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸು "ಮಗಾನ ಇಲ್ಲಿ ಕೂರಿಸಿ ಬುದ್ದಿ" ಎಂದು ತೊಡೆ ತಟ್ಟಿ ತೋರಿಸಿದ್ದಳು. ಅಪ್ಪ ಅವಳನ್ನು ಆ ನೋಟದಿಂದ ನೋಡಿದ್ದರು. ಆಮೇಲೆ ಇವನಿಗೆ ಮಾತ್ರ ಕೇಳುವ ಹಾಗೆ "ಟಿಕೆಟ್ ತಗೊಂಡಿದೀವಿ. ಸೀಟಿದ್ರೆ ಕೂರೋದು, ಇಲ್ದಿದ್ರೆ ನಿಲ್ಲೋದು. ಯಾರ ಹಂಗೂ ಬೇಡ" ಎಂದಿದ್ದರು. ಆ ಹೆಂಗಸು ಬೇಜಾರು ಮಾಡಿಕೊಳ್ಳಲಿಲ್ಲ, ಒಂದು ಬದನೆಕಾಯಿ ಎತ್ತಿ ಅದರ ತೊಟ್ಟನ್ನು ಹುಡುಗನ ಮೂಗಿಗೆ ಮುಟ್ಟಿಸಿ ನಕ್ಕಳು. ಇವನಿಗೂ ನಗು ಬಂದಿತ್ತು, ಅಪ್ಪನನ್ನು ನೋಡಿ ನುಂಗಿಕೊಂಡಿದ್ದ. ಹುಡುಗನ ಕಾಲು ಎಷ್ಟು ನೋಯುತ್ತಿತ್ತೆಂದರೆ ಮನೆಗೆ ಬಂದು ಜಗಲಿಯ ಮೇಲೇ ನಿದ್ದೆ ಹೋಗಿದ್ದ. ಯಾರ ಹಂಗೂ ಇರಲಿಲ್ಲ, ನಿಜ. ಕಾಲಿಗೆ ಅದು ಗೊತ್ತಾಗಲಿಲ್ಲ.

ಘಾಟ್ಕೋಪರ್ ಬಂದು ಹೋಯಿತು. ಜನ ಒತ್ತಿದರು, ಸೊಂಟದೊಳಗೆ ಯಾರೋ ಮೊಳೆ ತಿರುಗಿಸಿದಂತಾಯಿತು. ಕುರ್ಲಾದ ಹಳಿಗಳು ಒಂದರೊಳಗೊಂದು ಸೇರಿಕೊಳ್ಳತೊಡಗಿದವು. ಹಿಂದೆ ಬೆಂಚು ಕಿರುಗುಟ್ಟಿದ್ದು ಕೇಳಿಸಿತು, ಕಾಶಪ್ಪ ಏಳುತ್ತಿದ್ದಾನೆ, ಅಣ್ಣು ಇನ್ನೇನು ಕೂರುತ್ತಾನೆ, ಕೂತರೆ ಇವತ್ತಿಗೆ ಮುಗಿಯಿತು. ಹಿರಿಯಣ್ಣ ತಿರುಗಿದ. ಬಾಯಿ ತೆರೆದ. ಬೆಳಗಿನಿಂದ ಉರುಹಾಕಿದ ಹಿಂದಿ ಆ ಬಾಯಿಯಲ್ಲಿ ಇರಲಿಲ್ಲ.

"ಕಾಶಪ್ಪನೋರೆ, ನಾನು ಸ್ವಲ್ಪ ಕೂತ್ಕೋತೀನಿ. ಸೊಂಟ ಹಿಡ್ಕೊಂಡಿದೆ."

ಅಣ್ಣು ಅರ್ಧ ಕೂತವನು ಅರ್ಧದಲ್ಲೇ ನಿಂತ. ಕಾಶಪ್ಪನ ಮೀಸೆಯ ಕೆಳಗೆ ಬಾಯಿ ಸುಮ್ಮನೆ ತೆರೆದುಕೊಂಡಿತು. ಪಕ್ಕದಲ್ಲಿದ್ದ ಗುಜರಾತಿಯೊಬ್ಬ ಯಾರಿಗೋ ಹೃದಯಾಘಾತವಾಯಿತೆಂದು ತಿಳಿದು ಪಂಖದ ಗುಂಡಿ ಒತ್ತಿದ. ಹಿರಿಯಣ್ಣ ಯಾರ ಮುಖವನ್ನೂ ನೋಡದೆ ಸೀಟಿನ ಮೇಲೆ ಕೂತ. ಕೂತದ್ದೇ, ಸೊಂಟದಿಂದ ಹಿಮ್ಮಡಿಯ ತನಕ ಒಂದು ಸುಖ ಇಳಿದು ಹೋಯಿತು, ಅವನಿಗೆ ಕಣ್ಣಲ್ಲಿ ನೀರು ಬರುವಷ್ಟು.

"ಸಾಹೇಬ್ರ," ಎಂದ ಕಾಶಪ್ಪ ಬಹಳ ಮೆತ್ತಗೆ. "ನಿಮಗ ಕನ್ನಡ ಬರ್ತೇತಿ."

"ಮೈಸೂರು. ಹಿರಿಯಣ್ಣ ಅಂತ."

"ಅಂದ್ರ, ಇಷ್ಟು ದಿನದ್ದು ಎಲ್ಲಾ ಕೇಳೇತೇನ್ರಿ?"

"ಎಲ್ಲಾ."

"ಕಂಬ?"

"ಅದೂ."

"ಬುಡ ಸಡಿಲ?"

"ಡಾಕ್ಟರೂ ಅದನ್ನೇ ಹೇಳಿದ್ರು."

ಅಣ್ಣು ಟಿಫಿನ್ ಡಬ್ಬಿಯ ಚೀಲವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. "ಅಯ್ಯೋ ದೇವರೇ, ನನ್ನ ಹೆಂಡತಿಯ ಮೀನಿನ ಕಥೆ ಎಲ್ಲ ಹೇಳಿದ್ದೇನೆ" ಎಂದು ಚೀಲದ ಹಿಂದಿನಿಂದ ಅವನ ದನಿ ಬಂತು. ಇಷ್ಟು ವರ್ಷ ಈ ಗಳಿಗೆಯನ್ನು ಹೆದರಿಕೊಂಡು ಬಂದ ಹಿರಿಯಣ್ಣ, ಈಗ ನಾಚಿಕೆಪಡುತ್ತಿರುವವರು ಅವರು ಎಂಬುದನ್ನು ಆಶ್ಚರ್ಯದಿಂದ ನೋಡಿದ. ಅವರನ್ನು ಅದರಿಂದ ಬಿಡಿಸಬೇಕೆನ್ನಿಸಿತು. ಬಿಡಿಸುವ ದಾರಿ ತೋಚದೆ, ನಿಜವಾಗಿ ತನಗೆ ಗೊತ್ತಾಗಬೇಕಾಗಿದ್ದನ್ನೇ ಕೇಳಿದ. "ಆ ಹುಬ್ಬಳ್ಳಿ ಹುಡುಗ ಏನಂದ? ನಮ್ಮ ಮನೇಲಿ ದಿನಾ ಕೇಳ್ತಿದಾಳೆ."

ಕಾಶಪ್ಪ ಅವನನ್ನು ನೋಡಿದ, ಅಣ್ಣುವನ್ನು ನೋಡಿದ, ಆಮೇಲೆ ಎರಡು ಬೆಂಚಿನವರೂ ತಿರುಗಿ ನೋಡುವಂತೆ ನಕ್ಕ. ಹುಡುಗ ಒಪ್ಪಿದ್ದನಂತೆ. ಮಾತಾಡದಿದ್ದದ್ದು ಉಪ್ಪಿಟ್ಟಿನಲ್ಲಿದ್ದ ಮೆಣಸಿನಕಾಯಿಗಂತೆ. ಅಣ್ಣು ಎದುರು ಬೆಂಚಿನ ಮೂವರಿಗೆ "ದಾದಾ, ಜರಾ ಸರ್ಕೋ" ಎಂದು ನಾಲ್ಕನೆಯವನಾಗಿ ತುದಿಗೆ ಒತ್ತಿ ಕೂತ. ಕಾಶಪ್ಪ ನಿಂತೇ ಇದ್ದ. ಹಾಗೆ ನಿಂತವನನ್ನು ಕೆಳಗಿನಿಂದ ನೋಡುವುದು ಹಿರಿಯಣ್ಣನಿಗೆ ಹೊಸದು, ಮನಸ್ಸು ಉದಾರವಾಯಿತು, ಹೇಳಿಯೇಬಿಡಬೇಕೆನ್ನಿಸಿತು. "ನೀವು ಅವತ್ತೇ ಸೀಟು ಬಿಟ್ಟುಕೊಟ್ಟಿದ್ರಿ. ದಯೆ ತೋರಿಸ್ತಿದೀರಿ ಅಂತ ನಾನೇ ಬೇಡ ಅಂದೆ."

"ದಯಾ ಎಲ್ಲಿಂದ ಬಂತ್ರಿ? ಪಾಳಿ ಅದು" ಎಂದ ಕಾಶಪ್ಪ.

"ಪಾಳಿ ಅಂದ್ರೆ?"

"ಠಾಣಾದವ್ರು ಕುರ್ಲಾ ತನಕ ಕುಂದರ್ತೀವಿ. ಕುರ್ಲಾದಾಗ ಎದ್ದು, ನಿಂತವ್ರಿಗೆ ಕೊಡ್ತೀವಿ. ಅರ್ಧ ನಿಮಗ, ಅರ್ಧ ನಮಗ. ಇಡೀ ಗಾಡಿ ಹಂಗ ಮಾಡ್ತೇತಲ್ರಿ."

"ನಿಮ್ಮ ಪಾಳಿಯಲ್ಲೇ ಮಾರಾಯ್ರೆ ನಾನು ಆರು ವರ್ಷ ಕೂತದ್ದು" ಎಂದ ಅಣ್ಣು ಎದುರಿನಿಂದ. "ನೀವು ಕೂರುವುದಿಲ್ಲ ಅಂದ ಮೇಲೆ ಖಾಲಿ ಯಾಕೆ ಬಿಡುವುದು?"

ಹಿರಿಯಣ್ಣ ಕತ್ತು ಹೊರಳಿಸಿ ಡಬ್ಬಿಯನ್ನು ನೋಡಿದ. ಠಾಣೆಯಿಂದ ಕೂತು ಬಂದಿದ್ದ ಮುಖಗಳೆಲ್ಲ ಈಗ ಮೇಲಿದ್ದವು, ಮುಲುಂಡಿನ ಮುಖಗಳೆಲ್ಲ ಕೆಳಗೆ. ದಾದರಿನಲ್ಲಿ ಇಳಿಯಲು ಎದ್ದವರೆಂದು ಅವನು ತಿಳಿದಿದ್ದವರು ದಾದರ್ ಬಂದರೂ ಇಳಿಯದೆ, ಕಂಬಿಗೆ ಜೋತು, ಹರಟುತ್ತ, ಇಸ್ಪೀಟಿನ ಎಲೆಗಳನ್ನು ಕೂತವರ ಕೈಗೆ ದಾಟಿಸುತ್ತ ನಿಂತಿದ್ದರು. ಇಷ್ಟು ವರ್ಷ ಅವನು ಇದಕ್ಕೆ ಬೆನ್ನು ಮಾಡಿ ನಿಂತಿದ್ದ. ಅಷ್ಟಕ್ಕೇ ಆಗಿದ್ದರೆ ನಕ್ಕುಬಿಡಬಹುದಿತ್ತು. ಆದರೆ ಭಾಯಖಳಾ ದಾಟುವ ಹೊತ್ತಿಗೆ ಅವನೊಳಗೆ ಇನ್ನೊಂದು ಲೆಕ್ಕ ತಾನಾಗಿ ಬಿಡಿಸಿಕೊಳ್ಳತೊಡಗಿತು. ಬೆಳಗ್ಗೆ ಹೀಗಾದರೆ, ಸಂಜೆ? ಸಂಜೆ ವೀಟಿಯಲ್ಲಿ ಕೂತವರು ಕುರ್ಲಾದಲ್ಲಿ ಏಳಬೇಕು. ಅವನು ಕಣ್ಣು ಮುಚ್ಚಿ ಮುಲುಂಡಿನ ತನಕ ಕೂತಿರುತ್ತಿದ್ದ. ಅವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ದಿನಾ ಯಾರೋ ನಿಂತಿರುತ್ತಿದ್ದರು. ಮುಲುಂಡಿನಲ್ಲಿ ಅವನು ಏಳುವಾಗ ಆ ಸೀಟಿನಲ್ಲಿ ಕೂರುತ್ತಿದ್ದವನು ಈ ಕಾಶಪ್ಪ. ಮುಲುಂಡಿನಿಂದ ಠಾಣೆಗೆ ಒಂದೇ ಸ್ಟೇಷನ್ನು. ಬೆಳಗ್ಗೆ ಕಂಬ, ಸಂಜೆ ಗೂಟ. ಅವನಿಗೆ ಆ ಮಾತು ಈಗ ಅರ್ಥವಾಯಿತು, ಎಷ್ಟು ಮೆತ್ತಗೆ ಹೇಳಿದ್ದಾರೆ ಎಂದೂ ಅರ್ಥವಾಯಿತು. ಅವರು ಅದರ ಸುದ್ದಿ ಎತ್ತಲಿಲ್ಲ. ವೀಟಿಯಲ್ಲಿ ಇಳಿಯುವಾಗ ಕಾಶಪ್ಪ "ನಡು ಜ್ವಾಪಾನ್ರಿ" ಎಂದು ಅವನ ತೋಳು ಹಿಡಿದು ಇಳಿಸಿದ. ಹಿರಿಯಣ್ಣ ತೋಳನ್ನು ಬಿಡಿಸಿಕೊಳ್ಳಲಿಲ್ಲ.

ಆಫೀಸಿನಲ್ಲಿ ಅವನಿಗೆ ಒಂದು ಡ್ರಾಫ್ಟೂ ಸಾಗಲಿಲ್ಲ. ಯಾರಿಂದಲೂ ಏನನ್ನೂ ತೆಗೆದುಕೊಳ್ಳದವನು ಎಂದುಕೊಂಡಿದ್ದವನು ದಿನಾ ಸಂಜೆ ಒಬ್ಬನ ಅರ್ಧ ದಾರಿಯನ್ನು ತೆಗೆದುಕೊಂಡು, ಅದರ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಕದಿಯಬೇಕೆಂದು ಕದ್ದದ್ದಲ್ಲ, ಕಣ್ಣಿದ್ದೂ ನೋಡಿರಲಿಲ್ಲ. ನೋಡಬಾರದೆಂದೂ ಇರಲಿಲ್ಲ, ಮೊದಲ ವಾರ ಒಂದು ನೋಟ ನೋಡಿ, ಲೋಕ ಹೀಗೆ ಎಂದು ತೀರ್ಮಾನಿಸಿ, ಆಮೇಲೆ ಅದಕ್ಕೆ ತಕ್ಕಂತೆ ನಿಂತಿದ್ದ, ಕೂತಿದ್ದ, ಬೆನ್ನು ತಿರುಗಿಸಿದ್ದ. ಸೊಂಟ ಕೂಡ ಅದಕ್ಕೆ ತಕ್ಕಂತೆಯೇ ಕೆಟ್ಟಿತ್ತು. ಮೇಡಂ ಹೇಳಿದ್ದು ಇದನ್ನೇ ಇರಬೇಕು. ಮೂರು ಗಂಟೆಗೆ ಚಹಾ ಬಂತು, ಅವರು ತರಿಸಿದ್ದು. ಅವನ ಬಲಗೈ ತಾನಾಗಿ ಜೇಬಿಗೆ ಹೋಯಿತು. ಎಡಗೈಯಿಂದ ಅದನ್ನು ಹಿಡಿದು ಮೇಜಿನ ಮೇಲೆ ತಂದಿಟ್ಟು, ಚಹಾ ಕುಡಿದ. ಯಾವತ್ತಿಗಿಂತ ಸಕ್ಕರೆ ಹೆಚ್ಚಿತ್ತೋ ಏನೋ.

ಸಂಜೆಗೆ ಇದ್ದ ಸುಲಭದ ಉಪಾಯವೆಂದರೆ ಬೇರೆ ಗಾಡಿ. ಹತ್ತು ನಿಮಿಷ ತಡಮಾಡಿ ಹೊರಟರೆ ಆಯಿತು, ಕಲ್ಯಾಣದ್ದೋ ಅಂಬರನಾಥದ್ದೋ ಯಾವುದಾದರೂ ಸಿಗುತ್ತದೆ, ನಾಳೆಯಿಂದ ಡಬ್ಬಿಯನ್ನೇ ಬದಲಾಯಿಸಿದರೆ ಈ ಇಬ್ಬರ ಮುಖ ನೋಡುವ ಗೋಜೇ ಇಲ್ಲ. ಆಫೀಸಿನ ಮೆಟ್ಟಿಲಿಳಿಯುವಾಗ ಅವನು ಆ ಗಾಡಿಯನ್ನು ಮನಸ್ಸಿನಲ್ಲಿ ಹತ್ತಿಯೂ ಆಗಿತ್ತು. ಬೀದಿಗೆ ಬಂದಾಗ, ಹುಬ್ಬಳ್ಳಿಯ ಮದುವೆ ಯಾವತ್ತು, ಎಲ್ಲಿ ಎಂದು ಕೇಳಲು ಮರೆತದ್ದು ನೆನಪಾಯಿತು. ಇವತ್ತು ಅದನ್ನು ಕೇಳಿಕೊಂಡು ಹೋಗದಿದ್ದರೆ ಸರಸ್ವತಿ ಮನೆಯೊಳಗೆ ಬಿಡಲಿಕ್ಕಿಲ್ಲ. ಅಷ್ಟಕ್ಕಾಗಿ ಎಂದು ತನಗೆ ತಾನೇ ಹೇಳಿಕೊಂಡು ಅವನು ಎಂದಿನ ಪ್ಲಾಟ್‌ಫಾರಮ್ಮಿಗೇ ಹೋದ. ಬೆಲ್ಟಿನ ದೆಸೆಯಿಂದ ಹಾರಲಾಗದಿದ್ದರೂ ಜನ ಹಿಂದಿನಿಂದ ನೂಕಿದ ರಭಸಕ್ಕೆ ಸೀಟಿನ ಮೇಲೇ ಬಿದ್ದ. ಕಿಟಕಿಯ ಪಕ್ಕದ್ದಲ್ಲ, ತುದಿಯದು. ಅಣ್ಣು, ಕಾಶಪ್ಪ ಗಾಡಿ ಹೊರಡುವಾಗ ಓಡಿ ಬಂದು ಹತ್ತಿ, ಎಂದಿನ ಜಾಗದಲ್ಲಿ, ಅವನ ಮೊಣಕಾಲಿನ ಮುಂದೆ ಬಂದು ನಿಂತರು.

ಕಣ್ಣು ಮುಚ್ಚದೆ ಸಂಜೆಯ ಗಾಡಿಯಲ್ಲಿ ಕೂತದ್ದು ಅವನಿಗೆ ಇದೇ ಮೊದಲು. ಮಧ್ಯಾಹ್ನವೆಲ್ಲ ಕೂತು ಅವನು ಒಂದು ಮಾತನ್ನು ಜೋಡಿಸಿದ್ದ, ಒಳ್ಳೆಯ ಕನ್ನಡದಲ್ಲಿ, "ಕಾಶಪ್ಪನವರೇ, ಅರಿಯದೆ ಆದದ್ದನ್ನು" ಎಂದು ಶುರುವಾಗುವಂಥದ್ದು. ಸೀಟನ್ನು ಬಿಟ್ಟುಕೊಡುವಾಗ ಅದನ್ನು ಹೇಳಬೇಕು. ಕಾಶಪ್ಪ ಅಯ್ಯೋ ಇರಲಿ ಬಿಡ್ರಿ ಎನ್ನುತ್ತಾನೆ, ನಡು ನೋವೈತಿ ಕುಂದರ್ರಿ ಎನ್ನುತ್ತಾನೆ, ಇವನು ಒತ್ತಾಯ ಮಾಡುತ್ತಾನೆ, ಅವನು ಉಪಕಾರವಾಯಿತೆನ್ನುತ್ತಾನೆ. ದಾದರ್ ಬಂತು. ಸಾಯನ್ನಿನ ಮನೆಗಳಲ್ಲಿ ದೀಪ ಹತ್ತಿಕೊಂಡವು. ಕಾಶಪ್ಪ ಮದುವೆ ಹುಬ್ಬಳ್ಳಿಯಲ್ಲೇ, ದೀಪಾವಳಿ ಕಳೆದ ಮೇಲೆ, ಜೋಡಿಯಾಗಿ ಬರಬೇಕು, ತಪ್ಪಿಸಿದರೆ ಗಾಡಿಯಿಂದ ಹೊರಗೆ ಎಂದು ಹೇಳಿ ಮುಗಿಸಿ, ಆಕಳಿಸುತ್ತ ಕೊಂಡಿಗೆ ಜೋತುಬಿದ್ದ. ಕುರ್ಲಾದ ಹಳಿಗಳು ಕವಲೊಡೆಯುತ್ತಿದ್ದಂತೆ ಡಬ್ಬಿಯ ತುಂಬ ಬೆಂಚುಗಳು ಕಿರುಗುಟ್ಟಿದವು. ಪಕ್ಕದವನು ಎದ್ದ, ಅಲ್ಲಿ ಅಣ್ಣು ಕೂತ. ಹಿರಿಯಣ್ಣನೂ ಎದ್ದ. ಕಂಬಿ ಹಿಡಿದು, ಬೆಲ್ಟು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, "ಕಾಶಪ್ಪನವರೇ" ಎಂದ.

ಕಾಶಪ್ಪ ಆಗಲೇ ಕೂತಾಗಿತ್ತು. ಚೀಲವನ್ನು ತೊಡೆಯ ಮೇಲಿಟ್ಟು, ಕಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದು, ಅಣ್ಣುವಿನ ಹೆಗಲಿಗೆ ತಲೆ ಕೊಟ್ಟು ಕಣ್ಣು ಮುಚ್ಚಿಬಿಟ್ಟ. ಉಪಕಾರದ ಮಾತಿರಲಿ, ತಿರುಗಿ ಒಂದು ನೋಟವೂ ಇಲ್ಲ. ಎಂಥ ಮನುಷ್ಯ ಇವನು ಎಂದು ಹಿರಿಯಣ್ಣನಿಗೆ ರೇಗಿತು, ನಿಜವಾಗಿ ರೇಗಿತು. ನೋಯುವ ಸೊಂಟ ಇಟ್ಟುಕೊಂಡು ಎದ್ದಿದ್ದೇನೆ, ಒಂದು ಥ್ಯಾಂಕ್ಸ್ ಬೇಡವೇ? ಹಾಗೆ ಅಂದುಕೊಂಡ ಮರುಗಳಿಗೆಯೇ, ಇಷ್ಟು ವರ್ಷ ತಾನು ಹೆದರಿ ಬೆನ್ನು ತಿರುಗಿಸಿ ನಿಂತದ್ದು ಯಾವ ಹಂಗಿಗೋ ಆ ಹಂಗು ಈ ಬೆಂಚಿನ ಮೇಲೆ ಯಾವತ್ತೂ ಇರಲೇ ಇಲ್ಲ ಎಂಬುದು ಅವನಿಗೆ ಹೊಳೆಯಿತು. ಇಲ್ಲಿ ಯಾರೂ ಯಾರಿಗೂ ಕೊಡುತ್ತಿರಲಿಲ್ಲ. ಹೊಟ್ಟೆಯಿಂದ ನಗು ಬಂತು, ಬೆಲ್ಟು ಬಿಗಿದಿದ್ದರಿಂದ ಅದು ಬಿಕ್ಕಿ ಬಿಕ್ಕಿ ಬಂತು. ಗಾಡಿ ಕುರ್ಲಾ ಬಿಟ್ಟು ವೇಗ ಹಿಡಿಯಿತು. ಕಾಶಪ್ಪನ ಮೀಸೆ ಏಳುತ್ತ ಬೀಳುತ್ತ, ಅದರ ಕೆಳಗಿನಿಂದ ದೊಡ್ಡದೊಂದು ಗೊರಕೆ ಹೊರಟಿತು.

"ಎಂತ ಮಾರಾಯ್ರೆ, ಒಬ್ಬರೇ ನಗ್ತಾ ಇದ್ದೀರಿ?" ಎಂದ ಅಣ್ಣು.

"ಏನಿಲ್ಲ. ಕಾಶಪ್ಪನೋರು ಇಷ್ಟು ಬೇಗ ಗೊರಕೆ ಹೊಡೀತಾರಲ್ಲ."

"ಅದು ದಿನಾ ಉಂಟು" ಎಂದ ಅಣ್ಣು, ಹೆಗಲ ಮೇಲಿನ ತಲೆಯನ್ನು ಸರಿಯಾಗಿ ಕೂರಿಸಿಕೊಳ್ಳುತ್ತ. "ಇಷ್ಟು ವರ್ಷ ನಿಂತುಕೊಂಡು ಹೊಡೀತಿದ್ರು, ಅಷ್ಟೆ."